ಜೆರುಸಲೇಮಿನಲ್ಲಿ ಎರವಲು ಕೋಟು ತೊಟ್ಟು

ಭಾನುವಾರ, 5 ಮಾರ್ಚ್ 2023

ಬೆನ್ ಗುರಿಯನ್ ವಿಮಾನ ನಿಲ್ದಾಣದ ಬೆಲ್ಟಿನ ಮುಂದೆ ಒಂದೂವರೆ ಗಂಟೆ ನಿಂತೆ. ಜೊತೆಗೆ ಬಂದವರ ಪೆಟ್ಟಿಗೆಗಳೆಲ್ಲ ಬಂದವು, ನನ್ನ ನೀಲಿ ಸೂಟ್‌ಕೇಸು ಮಾತ್ರ ಬರಲಿಲ್ಲ. ನಡುವೆ ವಿಮಾನ ಬದಲಿಸಿದ ಊರಲ್ಲೇ ಅದು ಉಳಿದುಕೊಂಡಿದೆಯಂತೆ. ಕೌಂಟರಿನ ಹುಡುಗ ಒಂದು ಫಾರ್ಮು ತುಂಬಿಸಿಕೊಂಡು ‘ಎರಡು ಮೂರು ದಿನ’ ಎಂದ. ಮೈಮೇಲಿದ್ದದ್ದು ಮಂಗಳೂರಿನಿಂದ ಉಟ್ಟು ಹೊರಟ ಹತ್ತಿ ಸೀರೆ, ಒಂದು ತೆಳು ಸ್ವೆಟರು. ಶಾಲು, ಹಪ್ಪಳ, ಮಂಡಿನೋವಿನ ಎಣ್ಣೆ ಎಲ್ಲ ಆ ಪೆಟ್ಟಿಗೆಯಲ್ಲಿ.

ಜೆರುಸಲೇಮಿಗೆ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ನಿಲ್ದಾಣ ನೆಲದಿಂದ ಎಂಬತ್ತು ಮೀಟರ್ ಕೆಳಗಿದೆ. ಒಂದರ ಮೇಲೊಂದು ಎಸ್ಕಲೇಟರ್ ಹತ್ತಿ ಹೊರಗೆ ಬಂದರೆ ಬೆಟ್ಟದ ಮೇಲಿನ ಗಾಳಿ ಸೀದಾ ಎಲುಬಿಗೆ ಹೊಕ್ಕಿತು. ನಮ್ಮ ನೆರೆಮನೆಯ ಹುಡುಗಿ ಗೇಟಿನಲ್ಲಿ ಕಾಯುತ್ತಿದ್ದಳು. ಹುಡುಗಿ ಎಂದರೂ ಈಗ ಮೂವತ್ತಾರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಹಾಗೆ ಅವರ ಮನೆಯನ್ನೂ ಇಸ್ರೇಲಿನ ಸಂಬಳ ನಿಲ್ಲಿಸಿದೆ. ಎಂಬತ್ತೆಂಟು ವರ್ಷದ ಒಬ್ಬ ಅಜ್ಜಿಯ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುವುದು ಅವಳ ಕೆಲಸ. 2006ರಲ್ಲಿ ಅವಳ ನರ್ಸಿಂಗ್ ಓದಿಗೆ ಸಾಲ ಮಂಜೂರು ಮಾಡಿದ್ದು ನಾನು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದೆ, ಹೆಚ್ಚಿನ ಕಾಲ ಸಾಲದ ವಿಭಾಗದಲ್ಲೇ. ಅವಳಿಗೆ ಇವತ್ತಿಗೂ ನಾನು ‘ಮೇಡಂ’.

‘ಎಂತ ಮೇಡಂ, ಈ ಚಳಿಗೆ ಹೀಗೆ ಬಂದದ್ದಾ?’

ಕಿರ್ಯತ್ ಮೋಶೆ ಎಂಬ ಬಡಾವಣೆಯ ಹಳೆಯ ಕಲ್ಲುಕಟ್ಟಡ. ಅಜ್ಜಿಗೆ ನಮಸ್ಕಾರ ಹೇಳಿ ಕೂರುವ ಮೊದಲೇ ಅವರು ನನ್ನ ಸ್ವೆಟರು ನೋಡಿ ಹುಡುಗಿಗೆ ಏನೋ ಹೇಳಿದರು. ಹುಡುಗಿ ನನ್ನನ್ನು ಮೂರನೆಯ ಮಹಡಿಗೆ ಕರೆದುಕೊಂಡು ಹೋದಳು. ‘ಇಲ್ಲಿ ಕೋಟಿನ ಗೆಮಾಖ್ ಉಂಟು.’

ಬಾಗಿಲು ತೆರೆದ ಹೆಂಗಸಿನ ಕಂಕುಳಲ್ಲಿ ಮಗು, ಹಿಂದೆ ಇನ್ನಿಬ್ಬರು. ಆಕೆ ನನ್ನ ಭುಜದ ಅಗಲ ಕಣ್ಣಲ್ಲೇ ಅಳೆದು ಒಳಗಿನಿಂದ ಎರಡು ಕೋಟು ತಂದರು. ಕಂದು ಬಣ್ಣದ್ದು ಸರಿಹೊಂದಿತು. ರೂಲು ಹಾಕಿದ ನೋಟುಪುಸ್ತಕದಲ್ಲಿ ನನ್ನ ಹೆಸರು, ತಾರೀಖು, ‘ಕೋಟು 1’ ಎಂದು ಬರೆದುಕೊಂಡರು. ಪಾಸ್‌ಪೋರ್ಟ್ ಕೇಳಲಿಲ್ಲ, ಠೇವಣಿ ಕೇಳಲಿಲ್ಲ, ಯಾಕೆ ಕೋಟಿಲ್ಲದೆ ಬಂದೆ ಎಂದೂ ಕೇಳಲಿಲ್ಲ. ಯಾವಾಗ ಹಿಂತಿರುಗಿಸಬೇಕು ಎಂದು ನಾನೇ ಕೇಳಿದೆ.

‘ಚಳಿ ಹೋದ ಮೇಲೆ.’

ಮೂವತ್ತನಾಲ್ಕು ವರ್ಷದಲ್ಲಿ ಇಂಥ ಮರುಪಾವತಿಯ ಕಂತು ನಾನು ಕಂಡಿರಲಿಲ್ಲ.

ಗೆಮಾಖ್ ಎಂದರೆ ‘ಗೆಮಿಲುತ್ ಹಸಾದಿಮ್’ ಎಂಬೆರಡು ಹೀಬ್ರೂ ಶಬ್ದಗಳ ಮೊದಲಿನ ಅಕ್ಷರಗಳನ್ನು ಸೇರಿಸಿದ್ದು. ದಯೆಯ ಕೆಲಸ ಎನ್ನಬಹುದು. ಮನೆಯ ಒಂದು ಕೋಣೆ, ಕಪಾಟು ಅಥವಾ ಕಾರಿನ ಡಿಕ್ಕಿಯಲ್ಲಿ ನಡೆಯುವ ಎರವಲಿನ ವ್ಯವಸ್ಥೆ. ಮದುವೆಯ ಉಡುಪಿಗೆ ಒಬ್ಬರು, ಮಡಚುವ ಕುರ್ಚಿಗೆ ಒಬ್ಬರು, ಗೋಡೆ ಕೊರೆಯುವ ಡ್ರಿಲ್ಲಿಗೆ ಒಬ್ಬರು, ನಡುರಾತ್ರಿ ಮಗುವಿನ ನಿಪ್ಪಲ್ಲು ಕಳೆದುಹೋದರೆ ಅದಕ್ಕೂ ಒಬ್ಬರು. ಬಡ್ಡಿಯಿಲ್ಲದೆ ದುಡ್ಡು ಕೊಡುವವರೂ ಇದ್ದಾರೆ. ಸಾಹುಕಾರ ಬಂದರೂ ಕೊಡುತ್ತಾರೆ. ಹಾಗಾಗಿ ಈ ಬಾಗಿಲಿಗೆ ಬಂದವರನ್ನು ಯಾರೂ ‘ಪಾಪ’ ಎನ್ನುವ ಪ್ರಶ್ನೆ ಬರುವುದಿಲ್ಲ.

ಸೋಮವಾರ, 6 ಮಾರ್ಚ್

ಇವತ್ತು ಎಸ್ತೇರಳ ಉಪವಾಸ. ಎಸ್ತೇರ್ ರಾಣಿ ಯಹೂದಿಗಳನ್ನು ಸಂಹಾರದಿಂದ ಉಳಿಸಿದ ನೆನಪಿನ ಪೂರಿಮ್ ಹಬ್ಬದ ಮುನ್ನಿನ ವ್ರತ. ಅಜ್ಜಿಗೆ ವಯಸ್ಸಾದ್ದರಿಂದ ರಿಯಾಯಿತಿ. ಅಡುಗೆಮನೆಯ ಗೋಡೆಗೆ ನೀಲಿ ಬಳಿದ ತಗಡಿನ ಡಬ್ಬಿಯೊಂದು ಮೊಳೆ ಹೊಡೆದು ನಿಂತಿತ್ತು, ಮೇಲೆ ಒಂದು ಸೀಳು. ಪುಷ್ಕೆ ಎನ್ನುತ್ತಾರೆ. ನಮ್ಮ ಕಡೆ ಪಿಗ್ಮಿ ಕಲೆಕ್ಟರು ದಿನಾ ಸಂಜೆ ಅಂಗಡಿಗೆ ಬಂದು ಹತ್ತಿಪ್ಪತ್ತು ರೂಪಾಯಿ ಒಯ್ಯುತ್ತಿದ್ದದ್ದು ನೆನಪಾಯಿತು. ಆದರೆ ಪಿಗ್ಮಿಯ ದುಡ್ಡು ಕೊಟ್ಟವರಿಗೇ ಬಡ್ಡಿ ಸಮೇತ ವಾಪಸು ಬರುತ್ತದೆ.

‘ಚ್ಯಾರಿಟಿ ಬಾಕ್ಸ್’ ಎಂದೆ. ಅಜ್ಜಿ ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವರು. ಟೀಚರಮ್ಮನ ದನಿಯಲ್ಲೇ ತಿದ್ದಿದರು. ‘ಅದು ನಮ್ಮ ಶಬ್ದ ಅಲ್ಲ. ನಮ್ಮದು ತ್ಸೆದಾಕಾ. ಅದರ ಮೂಲದಲ್ಲಿ ಇರುವುದು ನ್ಯಾಯ, ಮರುಕ ಅಲ್ಲ. ಅಯ್ಯೋ ಅನ್ನಿಸಿದರೆ ಕೊಡುವುದು, ಅನ್ನಿಸದಿದ್ದರೆ ಬಿಡುವುದು, ಹಾಗಿಲ್ಲ. ಮನಸ್ಸು ಬಂದಾಗ ನೀವು ತೆರಿಗೆ ಕಟ್ಟುತ್ತೀರಾ?’

ತೀರಿಕೊಂಡ ಅವರ ಗಂಡ ಈ ಬೀದಿಯ ‘ಗಬ್ಬಾಯ್’ ಆಗಿದ್ದವರು, ಎಂದರೆ ಬಡವರ ನಿಧಿಯ ಖಜಾಂಚಿ. ಆ ಕೆಲಸದ ಕಾಯ್ದೆಗಳನ್ನು ಅಜ್ಜಿ ಬಾಯಿಪಾಠ ಹೇಳಿದರು. ಊರಿಗೆ ಎರಡು ವ್ಯವಸ್ಥೆ ಇರಬೇಕು. ‘ತಮ್ಹುಯ್’ ಎಂದರೆ ದಿನದಿನದ ಊಟದ ಪಾತ್ರೆ, ‘ಕುಪ್ಪಾ’ ಎಂದರೆ ವಾರಕ್ಕೊಮ್ಮೆ ಹಂಚುವ ನಿಧಿ. ಎರಡು ಹೊತ್ತಿನ ಊಟ ಮನೆಯಲ್ಲಿ ಇದ್ದವನು ತಮ್ಹುಯ್‌ಗೆ ಕೈಯೊಡ್ಡಬಾರದು, ಹದಿನಾಲ್ಕು ಹೊತ್ತಿನದ್ದು ಇದ್ದವನು ಕುಪ್ಪಾದಿಂದ ತೆಗೆಯಬಾರದು. ಕುಪ್ಪಾಕ್ಕೆ ಸಂಗ್ರಹಿಸಲು ಇಬ್ಬರು ಬೇಕು, ಹಂಚಲು ಮೂವರು. ಸಂಗ್ರಹಿಸುವ ಇಬ್ಬರು ಪೇಟೆಯಲ್ಲಿ ಬೇರೆ ಬೇರೆಯಾಗಿ ನಡೆಯಬಾರದು. ದಾರಿಯಲ್ಲಿ ದುಡ್ಡು ಸಿಕ್ಕಿದರೆ ಗಬ್ಬಾಯ್ ಅದನ್ನು ಸ್ವಂತ ಜೇಬಿಗೆ ಹಾಕುವ ಹಾಗಿಲ್ಲ, ನಿಧಿಯ ಚೀಲಕ್ಕೇ ಹಾಕಬೇಕು. ನೋಡಿದವರಿಗೆ ಏನು ಗೊತ್ತು, ಅದು ಯಾರ ದುಡ್ಡೆಂದು? ನಿಧಿಯ ಚಿಲ್ಲರೆಗೆ ತನ್ನ ನೋಟು ಕೊಟ್ಟು ಬದಲಿಸಿಕೊಳ್ಳಲೂ ಬಾರದು. ಕ್ರಿ.ಶ. 200ರ ಸುಮಾರಿನ ಯಹೂದಿ ಕಾಯ್ದೆಗ್ರಂಥ ಮಿಶ್ನಾ ಮತ್ತು ಅದನ್ನು ಚರ್ಚಿಸುವ ಆಮೇಲಿನ ತಾಲ್ಮುದ್‌ನಲ್ಲಿ ಇರುವ ಮಾತುಗಳಿವು. ನಮ್ಮಲ್ಲಿ ಕ್ಯಾಶ್ ಸೇಫಿಗೆ ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಬ್ಯಾಂಕಿನವರು ಕಂಡುಹಿಡಿದದ್ದು ಏನೂ ಇಲ್ಲ ಹಾಗಾದರೆ.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಕಾಯ್ದೆ. ಇನ್ನೂರು ‘ಜುಜ್’ ನಾಣ್ಯ ಇದ್ದವನು ಬಡವರ ಪಾಲು ತೆಗೆದುಕೊಳ್ಳುವಂತಿಲ್ಲ. ಆದರೆ ಒಂದೇ ಒಂದು ಕಡಿಮೆ ಇದ್ದರೆ, ಸಾವಿರ ಜನ ಒಟ್ಟಿಗೆ ಬಂದು ಕೊಟ್ಟರೂ ಅಷ್ಟನ್ನೂ ತೆಗೆದುಕೊಳ್ಳಬಹುದು. ಅವನ ಮನೆಯನ್ನಾಗಲಿ ಪಾತ್ರೆಪಡಗವನ್ನಾಗಲಿ ಮಾರಿ ಬಾ ಎನ್ನುವ ಹಾಗಿಲ್ಲ. ಬಿಪಿಎಲ್ ಕಾರ್ಡಿಗೆ ಬೈಕ್ ಇದೆಯಾ, ಫ್ರಿಜ್ ಇದೆಯಾ ಎಂದು ಲೆಕ್ಕ ಹಾಕುವ ನಾಡಿನಿಂದ ಬಂದ ನಾನು ಇದನ್ನು ಎರಡು ಸಲ ಹೇಳಿಸಿಕೊಂಡೆ.

ಮಧ್ಯಾಹ್ನ ಮಹನೆ ಯೆಹುದಾ ಮಾರುಕಟ್ಟೆಗೆ ಹೋದೆವು. ಖರ್ಜೂರ, ಆಲಿವ್, ಎಳ್ಳಿನ ಹಲ್ವಾದ ಗುಡ್ಡೆಗಳು. ಪ್ರತಿ ಅಂಗಡಿಯ ಗಲ್ಲೆಯ ಪಕ್ಕ ಮೂರು ನಾಲ್ಕು ಡಬ್ಬಿ, ಅನಾಥರಿಗೆ, ಆಸ್ಪತ್ರೆಗೆ, ಪಾಠಶಾಲೆಗೆ. ಒಂದು ಮೂಲೆಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಮುದುಕಿ ಪ್ಲಾಸ್ಟಿಕ್ ಲೋಟ ಅಲುಗಿಸುತ್ತಾ ಕೂತಿದ್ದರು. ಹುಡುಗಿ ಒಂದು ಶೆಕೆಲ್ ಹಾಕಿದಳು. ನಾವು ಎದುರಂಗಡಿಯಲ್ಲಿ ಬೆಲೆ ವಿಚಾರಿಸುತ್ತಿದ್ದಾಗ ಆ ಮುದುಕಿ ಎದ್ದು ಬಂದು, ಲೋಟದಿಂದ ಒಂದು ಸಣ್ಣ ನಾಣ್ಯ ಆರಿಸಿ, ಗಲ್ಲೆಯ ಡಬ್ಬಿಗೆ ಹಾಕಿ, ಹಿಂದಿರುಗಿ ಕೂತರು. ಅಂಗಡಿಯವನು ತಲೆ ಎತ್ತಿಯೂ ನೋಡಲಿಲ್ಲ.

ಮನೆಗೆ ಬಂದು ಹೇಳಿದರೆ ಅಜ್ಜಿಗೂ ಆಶ್ಚರ್ಯವಿಲ್ಲ. ‘ತ್ಸೆದಾಕಾದಿಂದ ಬದುಕುವವನೂ ತ್ಸೆದಾಕಾ ಕೊಡಬೇಕು. ಇಲ್ಲವಾದರೆ ಅವನು ಬರೀ ತೆಗೆದುಕೊಳ್ಳುವವನು ಆಗಿಬಿಡುತ್ತಾನಲ್ಲ.’

ಮಂಗಳವಾರ, 7 ಮಾರ್ಚ್

ಸೂಟ್‌ಕೇಸಿನ ಸುದ್ದಿ ಇಲ್ಲ. ಅಜ್ಜಿಯ ಗಾಲಿಕುರ್ಚಿಯ ಬ್ರೇಕು ಸಡಿಲವಾಗಿತ್ತು, ಬದಲಿಸಲು ಹರ್ಟ್ಜಲ್ ರಸ್ತೆಯ ‘ಯಾದ್ ಸಾರಾ’ಗೆ ಹೋದೆವು. ಊರುಗೋಲು, ವಾಕರ್, ಆಮ್ಲಜನಕದ ಯಂತ್ರ, ಮಂಚ ಎಲ್ಲವನ್ನೂ ಎರವಲು ಕೊಡುವ ಸಂಸ್ಥೆ. ಸಣ್ಣ ಠೇವಣಿ ಇಟ್ಟು ಒಯ್ಯುವುದು, ಗುಣವಾದ ಮೇಲೆ ತಂದುಕೊಟ್ಟು ಠೇವಣಿ ವಾಪಸು ಪಡೆಯುವುದು. ಶುರುವಾದದ್ದು 1976ರಲ್ಲಿ. ಉರಿ ಲುಪೊಲಿಯನ್ಸ್ಕಿ ಎಂಬ ಮೇಷ್ಟ್ರು ತಮ್ಮ ಮಗುವಿಗೆ ಶೀತವಾದಾಗ ಹಬೆ ಹಿಡಿಯುವ ಯಂತ್ರವನ್ನು ನೆರೆಮನೆಯಿಂದ ಎರವಲು ತಂದರು. ಅಂಥದ್ದು ಎಲ್ಲರಿಗೂ ಬೇಕಾಗುತ್ತದಲ್ಲ ಎಂದು ಕೆಲವನ್ನು ಕೊಂಡು ಮನೆಯಿಂದಲೇ ಕೊಡಲು ಆರಂಭಿಸಿದರು. ನಾಜಿಗಳ ಕಾಲದಲ್ಲಿ ಸತ್ತ ಅಜ್ಜಿ ಸಾರಾಳ ಹೆಸರಿಟ್ಟರು. 1994ರಲ್ಲಿ ಸಂಸ್ಥೆಗೆ ಇಸ್ರೇಲ್ ಪ್ರಶಸ್ತಿ ಬಂತು, 2003ರಲ್ಲಿ ಮೇಷ್ಟ್ರು ಜೆರುಸಲೇಮಿನ ಮೇಯರೇ ಆದರು.

ಕೌಂಟರಿನಲ್ಲಿ ಇದ್ದವರು ಬಹುಪಾಲು ನನ್ನ ವಯಸ್ಸಿನ ನಿವೃತ್ತರು, ಸಂಬಳವಿಲ್ಲದ ಸ್ವಯಂಸೇವಕರು. ರಿಪೇರಿ ಮೇಜಿನ ಅಜ್ಜ ಕನ್ನಡಕ ಹಣೆಗೇರಿಸಿ ಬ್ರೇಕಿನ ನಟ್ಟು ಬಿಗಿ ಮಾಡಿದ, ಕೂತು ಪರೀಕ್ಷಿಸಿದ, ಮತ್ತೆ ಅರ್ಧ ಸುತ್ತು ಸಡಿಲಿಸಿದ. ಪಕ್ಕದಲ್ಲಿ ಹಿಜಾಬ್ ತೊಟ್ಟ ತಾಯಿಯೊಬ್ಬರು ಮಗನ ಕಾಲಿಗೆ ಊರುಗೋಲು ಹೊಂದಿಸಿಕೊಳ್ಳುತ್ತಿದ್ದರು.

ಬುಧವಾರ, 8 ಮಾರ್ಚ್

ಉಳಿದ ಊರಿಗೆಲ್ಲ ಪೂರಿಮ್ ನಿನ್ನೆ ಮುಗಿಯಿತು. ಪ್ರಾಚೀನ ಕೋಟೆಯ ಊರಾದ್ದರಿಂದ ಜೆರುಸಲೇಮಿಗೆ ಮಾತ್ರ ಒಂದು ದಿನ ತಡ. ಬೆಳಿಗ್ಗೆಯೇ ಬೀದಿ ತುಂಬ ರಾಜಕುಮಾರಿಯರು, ಹುಲಿಗಳು, ಪೊಲೀಸರು, ಎಲ್ಲ ಮೂರಡಿ ಎತ್ತರದವರು. ಒಂದು ಹುಲಿಗೆ ಮೀಸೆ ಅಳಿಸಿಹೋಗಿತ್ತು. ನಮ್ಮ ನವರಾತ್ರಿ ಹುಲಿಗಳ ಮುಂದೆ ಏನೂ ಅಲ್ಲ ಬಿಡಿ.

ಈ ಹಬ್ಬದಲ್ಲಿ ಕನಿಷ್ಠ ಇಬ್ಬರು ಬಡವರಿಗೆ ಒಂದೊಂದು ಕೊಡುಗೆ ಕೊಡಲೇಬೇಕು. ಎಸ್ತೇರಳ ಗ್ರಂಥದಲ್ಲಿಯೇ ಇರುವ ವಿಧಿ. ಇವತ್ತು ಕೈಯೊಡ್ಡಿದವನ ಪೂರ್ವಾಪರ ವಿಚಾರಿಸಬಾರದು, ಯಾರು ಕೈ ಚಾಚಿದರೂ ಕೊಡಬೇಕು. ಹಬ್ಬದೂಟಕ್ಕೆ, ಸ್ನೇಹಿತರಿಗೆ ಕಳಿಸುವ ತಿಂಡಿ ಬುಟ್ಟಿಗೆ ಖರ್ಚು ಮಾಡುವುದಕ್ಕಿಂತ ಬಡವರಿಗೆ ಕೊಡುವುದನ್ನು ಹೆಚ್ಚಿಸುವುದು ಮೇಲು ಎಂದು ಹನ್ನೆರಡನೆಯ ಶತಮಾನದ ಧರ್ಮಪಂಡಿತ ರಂಬಾಮ್ ಬರೆದಿದ್ದಾರೆ. ಲೋಕ ಮೈಮೊನಿಡೀಸ್ ಎನ್ನುವುದು ಅವರನ್ನೇ. ಬುಟ್ಟಿ ಕಳಿಸಲು ಏನೂ ಇಲ್ಲದ ಇಬ್ಬರು ಪಂಡಿತರು ತಮ್ಮ ತಮ್ಮ ಊಟವನ್ನೇ ಅದಲು ಬದಲು ಮಾಡಿಕೊಂಡು ಶಾಸ್ತ್ರ ಮುಗಿಸಿದ ಕತೆ ತಾಲ್ಮುದ್‌ನಲ್ಲಿದೆ. ಅಜ್ಜಿ ಇದನ್ನು ಹೇಳಿ ತಾವೇ ಬಹಳ ಹೊತ್ತು ನಕ್ಕರು.

ನಾನೊಬ್ಬಳೇ ಮೆಯಾ ಶೆಯಾರಿಮ್‌ಗೆ ಹೋದೆ. 1874ರಲ್ಲಿ ಕೋಟೆಗೋಡೆಯ ಹೊರಗೆ ಹುಟ್ಟಿದ ಕಟ್ಟಾ ಸಂಪ್ರದಾಯಸ್ಥರ ಕೇರಿ. ಮೈತುಂಬ ಬಟ್ಟೆ ತೊಟ್ಟು ಬನ್ನಿ ಎಂದು ಹೆಂಗಸರಿಗೆ ಫಲಕ ಹಾಕಿದ್ದಾರೆ. ಮೊಣಕಾಲು ದಾಟುವ ಎರವಲು ಕೋಟು ಅಲ್ಲಿ ನನ್ನ ಮಾನ ಕಾಯಿತು. ಓಣಿಗಳಲ್ಲಿ ಯುವಕರ ಗುಂಪುಗಳು ಹಾಡುತ್ತಾ ಮನೆಯಿಂದ ಮನೆಗೆ ಹಣ ಎತ್ತುತ್ತಿದ್ದವು. ಕೆಲವರು ಸಾಕಷ್ಟು ಕುಡಿದಿದ್ದರು, ಅದೂ ಹಬ್ಬದ ವಿಧಿಯೇ. ಗೋಡೆಗಳ ತುಂಬ ಕಪ್ಪಕ್ಷರದ ಭಿತ್ತಿಪತ್ರ. ಬಾಲ್ಕನಿಗಳಲ್ಲಿ ಒಣಗಿದ ಬಟ್ಟೆಯ ಸಂಖ್ಯೆ ನೋಡಿದರೆ ಸಾಕು, ಒಂದೊಂದು ಮನೆಯಲ್ಲಿ ಎಷ್ಟು ಮಕ್ಕಳೆಂದು ಗೊತ್ತಾಗುತ್ತದೆ. ಬಡತನ ಎದ್ದು ಕಾಣುತ್ತದೆ. ಇಷ್ಟೆಲ್ಲ ಕೊಡುವ ಊರಿನಲ್ಲಿ ಇಷ್ಟು ಬಡತನ ಯಾಕೆ ಎಂಬ ಪ್ರಶ್ನೆಯೂ ಏಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರಿನ ಯಹೂದಿಗಳಲ್ಲಿ ಬಹಳ ಜನ ಬದುಕಿದ್ದೇ ‘ಹಲುಕಾ’ದ ಮೇಲೆ, ಎಂದರೆ ಹೊರದೇಶದ ಯಹೂದಿಗಳು ಕಳಿಸಿದ ಹಣದ ಹಂಚಿಕೆಯ ಮೇಲೆ. ಅದನ್ನೆತ್ತಲು ದೂತರು ದೇಶ ದೇಶ ಸುತ್ತುತ್ತಿದ್ದರು. ಯಾಕೋವ್ ಸಫೀರ್ ಎಂಬ ದೂತರು ಸಿನಗಾಗ್ ಎಂಬ ಪ್ರಾರ್ಥನಾಮಂದಿರದ ಕಟ್ಟಡ ನಿಧಿಗೆಂದು 1850ರ ದಶಕದ ಕೊನೆಗೆ ಹೊರಟು ಯೆಮನ್ ಸುತ್ತಿ ಕೊಚ್ಚಿಯ ಯಹೂದಿಗಳವರೆಗೂ ಬಂದಿದ್ದರು. ಕೂತು ತಿನ್ನುವ ಅಭ್ಯಾಸ ಮಾಡಿಸಿತು ಎಂದು ಹಲುಕಾವನ್ನು ಬೈದವರು ಯಹೂದಿಗಳಲ್ಲೇ ಕಡಿಮೆಯಿಲ್ಲ.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ನೀಲಿ ಸೂಟ್‌ಕೇಸು! ಹಿಡಿ ಮುರಿದಿತ್ತು, ಹಪ್ಪಳ ಪುಡಿಯಾಗಿತ್ತು, ಎಣ್ಣೆ ಮಾತ್ರ ಚೆಲ್ಲಿರಲಿಲ್ಲ. ಕೋಟು ಹಿಂತಿರುಗಿಸಲು ಮೂರನೆಯ ಮಹಡಿಗೆ ಹೋದೆ. ಆಕೆ ಕಿಟಕಿಯತ್ತ ಕೈ ತೋರಿಸಿ ಬಾಗಿಲು ಮುಚ್ಚಿದರು. ಹೊರಗೆ ಮಳೆ.

ಗುರುವಾರ, 9 ಮಾರ್ಚ್

ಬೆಳಿಗ್ಗೆ ಹುಡುಗಿಯ ಜೊತೆ ಬ್ಯಾಂಕಿಗೆ. ಅವಳಿಗೆ ಊರಿಗೆ ಹಣ ಕಳಿಸುವುದಿತ್ತು, ನನಗೆ ಪರರ ಬ್ಯಾಂಕು ನೋಡುವ ಚಪಲ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಒಂದು ಹೀಬ್ರೂ ಪತ್ರ. ಲೈಸೆನ್ಸು ಇರಬೇಕು ಎಂದುಕೊಂಡೆ. ಅದು ‘ಹೆತೆರ್ ಇಸ್ಕಾ’. ಬಡ್ಡಿಗೆ ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಶಬ್ದ ‘ನೆಶೆಖ್’, ಅದರ ಧಾತುವಿಗೆ ಕಚ್ಚುವುದು ಎಂದೇ ಅರ್ಥ. ಯಹೂದಿ ಯಹೂದಿಗೆ ಸಾಲ ಕೊಟ್ಟು ಬಡ್ಡಿ ತೆಗೆಯುವುದಕ್ಕೆ ತೋರಾದಲ್ಲಿ ನಿಷೇಧವಿದೆ. ಹಾಗಾದರೆ ಬ್ಯಾಂಕು ನಡೆಯುವುದು ಹೇಗೆ? ಕೊಟ್ಟ ಹಣವನ್ನು ಸಾಲ ಎನ್ನದೆ ವ್ಯವಹಾರದ ಪಾಲುದಾರಿಕೆ ಎಂದು, ಬಡ್ಡಿಯನ್ನು ಲಾಭದ ಪಾಲು ಎಂದು ಒಪ್ಪಿಕೊಳ್ಳುವ ಕರಾರು ಆ ಪತ್ರ. ನನ್ನಂಥವಳಿಗೆ ನಗು ಬಂತು, ಗೌರವವೂ ಬಂತು. ತಪ್ಪಿಸಿಕೊಳ್ಳುವ ದಾರಿಯೇ ಹೌದು. ಆದರೆ ಕಾಯ್ದೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರಿಗೆ ಮಾತ್ರ ತಪ್ಪಿಸಿಕೊಳ್ಳಲು ಪತ್ರ ಬೇಕಾಗುತ್ತದೆ.

ಇನ್ನೊಂದು ಇಂಥದ್ದನ್ನು ಅಜ್ಜಿ ಮಧ್ಯಾಹ್ನ ಹೇಳಿದರು. ಏಳನೆಯ ವರ್ಷ ‘ಶ್ಮಿತಾ’. ಹೊಲಕ್ಕೆ ವಿಶ್ರಾಂತಿ, ಸಾಲಕ್ಕೆ ಮನ್ನಾ. 2022ರ ಸೆಪ್ಟೆಂಬರಿನಲ್ಲಿ ಒಂದು ಶ್ಮಿತಾ ಮುಗಿದಿದೆ. ಮನ್ನಾ ವರ್ಷ ಹತ್ತಿರ ಬಂದಾಗ ಯಾರಾದರೂ ಸಾಲ ಕೊಡುತ್ತಾರೆಯೇ? ಕೊಡಲಿಲ್ಲ. ಕಷ್ಟಕ್ಕೆ ಸಿಕ್ಕಿದವರು ಬಡವರೇ. ಆಗ ಹಿಲ್ಲೇಲ್ ಎಂಬ ಗುರು ಸಾಲಪತ್ರವನ್ನು ನ್ಯಾಯಾಲಯಕ್ಕೆ ಒಪ್ಪಿಸುವ ‘ಪ್ರೋಜ್ಬುಲ್’ ಎಂಬ ಕಾಗದ ತಂದರು. ನ್ಯಾಯಾಲಯದ ಕೈಯಲ್ಲಿರುವ ಸಾಲ ಮನ್ನಾ ಆಗುವುದಿಲ್ಲ, ಹಾಗಾಗಿ ಧನಿಕರು ಮತ್ತೆ ಕೈ ಬಿಚ್ಚಿದರು. 2008ರ ನಮ್ಮ ಕೃಷಿ ಸಾಲಮನ್ನಾದ ಮರುವರ್ಷ ನನ್ನ ಮೇಜಿನ ಮುಂದೆ ಕೂತ ಮುಖಗಳು ಕಣ್ಣಮುಂದೆ ಬಂದವು. ಹಿಲ್ಲೇಲ್ ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ಕಷ್ಟ ಕಂಡಿದ್ದರು.

‘ನೀವು ಬ್ಯಾಂಕಿನವರು, ಹೇಳಿ,’ ಎಂದರು ಅಜ್ಜಿ. ‘ರಂಬಾಮ್ ತ್ಸೆದಾಕಾಕ್ಕೆ ಎಂಟು ಮೆಟ್ಟಿಲು ಹೇಳಿದ್ದಾರೆ. ತೀರಾ ಕೆಳಗಿನದ್ದು ಮುಖ ಗಂಟುಹಾಕಿ ಕೊಡುವುದು. ಮೇಲಿನದ್ದು ಯಾವುದು?’

ಕೊಟ್ಟವರು ಯಾರು, ಪಡೆದವರು ಯಾರು ಎಂದು ಇಬ್ಬರಿಗೂ ಗೊತ್ತಾಗದ ಹಾಗೆ ಕೊಡುವುದು ಎಂದೆ.

‘ಅದು ಎರಡನೆಯದ್ದು. ಮೇಲಿನದ್ದು ಸಾಲ ಕೊಡುವುದು, ಅಥವಾ ಪಾಲುದಾರನಾಗುವುದು, ಇಲ್ಲ ಕೆಲಸ ಹುಡುಕಿಕೊಡುವುದು. ಮನುಷ್ಯ ಬೀಳುವ ಮೊದಲೇ ಕೈ ಹಿಡಿಯಬೇಕು. ಬಿದ್ದ ಮೇಲೆ ಎತ್ತಲು ಐದು ಜನ ಬೇಕು.’

‘ಹಾಗಾದರೆ ನಮ್ಮ ಮೇಡಂ ಮೇಲಿನ ಮೆಟ್ಟಿಲಲ್ಲೇ ಇದ್ದಾರೆ’ ಎಂದು ಹುಡುಗಿ ನಕ್ಕಳು.

ಹನ್ನೊಂದೂವರೆ ಶೇಕಡಾ ಬಡ್ಡಿ ಹಾಕಿದ್ದೆ ಮಾರಾಯ್ತಿ, ಎಂದೆ. ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. ಅವಳ ಅಪ್ಪ ಹಂಚಿನ ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡಿದ್ದರು. ನನ್ನ ಕ್ಯಾಬಿನ್ನಿನಲ್ಲಿ ಇನ್ನಿಬ್ಬರು ಗಿರಾಕಿಗಳು ಕೂತಿದ್ದಾಗಲೇ, ‘ಮನೆಗೆ ಈಗ ಎಷ್ಟು ಬರುತ್ತೆ? ಸ್ವಲ್ಪ ಗಟ್ಟಿಯಾಗಿ ಹೇಳಿ’ ಎಂದಿದ್ದೆ. ಫ್ಯಾನಿನ ಸದ್ದಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಅವರು ಗಟ್ಟಿಯಾಗಿ ಹೇಳಿದರು.

ರಾತ್ರಿ ಎಂಟಕ್ಕೆ ಅಜ್ಜಿಯ ಮೊಮ್ಮಗ ಬಂದ. ಗುರುವಾರ ರಾತ್ರಿ ಶಬ್ಬಾತಿನ, ಎಂದರೆ ಶುಕ್ರವಾರ ಸಂಜೆ ಶುರುವಾಗುವ ವಿಶ್ರಾಂತಿಯ ದಿನದ, ಊಟದ ಪೆಟ್ಟಿಗೆ ಹಂಚುವುದು ಅವನ ಪಾಳಿ. ನಾನೂ ಹೊರಟೆ. ಕಾರಿನಲ್ಲಿ ಒಂಬತ್ತು ರಟ್ಟಿನ ಪೆಟ್ಟಿಗೆ. ಕೋಳಿ, ಬ್ರೆಡ್ಡು, ಆಲೂಗಡ್ಡೆ, ದ್ರಾಕ್ಷಾರಸ. ಅವನ ಕೈಲಿದ್ದ ಚೀಟಿಯಲ್ಲಿ ಹೆಸರುಗಳಿಲ್ಲ, ಮನೆ ನಂಬರು ಮಾತ್ರ. ಬಾಗಿಲ ಮುಂದೆ ಇಡುವುದು, ಎರಡು ಸಲ ತಟ್ಟುವುದು, ಇಳಿದುಬಿಡುವುದು. ಮೊಮ್ಮಗನಿಗೆ ಇಪ್ಪತ್ತು ವರ್ಷ, ನನಗೆ ಮಂಡಿನೋವು. ನಾಲ್ಕನೆಯ ಮನೆಯಲ್ಲಿ ನಾನು ಅರ್ಧ ಮೆಟ್ಟಿಲಲ್ಲಿ ಇರುವಾಗಲೇ ಮೇಲೆ ಬಾಗಿಲು ತೆರೆದ ಸದ್ದು. ಈ ಕಟ್ಟಡಗಳಲ್ಲಿ ಮೆಟ್ಟಿಲ ದೀಪಕ್ಕೆ ಟೈಮರ್ ಇರುತ್ತದೆ. ಟಕ್ಕೆಂದು ಆರಿತು. ಕತ್ತಲಲ್ಲಿ ಗೋಡೆಗೆ ಬೆನ್ನು ಒತ್ತಿ, ಎರವಲು ಕೋಟಿನ ಕಾಲರಿನೊಳಗೆ ಮುಖ ಹುದುಗಿಸಿ ನಿಂತೆ. ರಟ್ಟಿನ ಪೆಟ್ಟಿಗೆ ನೆಲದ ಮೇಲೆ ಉಜ್ಜಿದ ಸದ್ದು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಬಾಗಿಲು ಮುಚ್ಚಿತು. ಅರವತ್ತೆರಡು ವರ್ಷದ ನಿವೃತ್ತ ಸೀನಿಯರ್ ಮ್ಯಾನೇಜರು ಕಳ್ಳಿಯ ಹಾಗೆ ಉಸಿರು ಬಿಗಿಹಿಡಿದಿದ್ದೆ.

ಕಾರಿನಲ್ಲಿ ಅವನು ಮಾರ್ ಉಕ್ವಾನ ಕತೆ ಹೇಳಿದ. ಮಾರ್ ಉಕ್ವಾ ಒಬ್ಬ ಬಡವನ ಬಾಗಿಲ ಸಂದಿಗೆ ದಿನಾ ನಾಲ್ಕು ಜುಜ್ ಹಾಕಿ ಹೋಗುತ್ತಿದ್ದ. ಇದಾರು ನೋಡಿಯೇ ಬಿಡೋಣ ಎಂದು ಒಂದು ದಿನ ಬಡವ ಹೊರಗೆ ಬಂದ. ಆವತ್ತು ಉಕ್ವಾನ ಜೊತೆ ಹೆಂಡತಿಯೂ ಇದ್ದಳು. ಗಂಡಹೆಂಡತಿ ಓಡಿ ಓಡಿ, ಬೇರೆ ದಾರಿ ಕಾಣದೆ, ಕೆಂಡ ಆಗಷ್ಟೇ ಗುಡಿಸಿದ ಒಂದು ಒಲೆಗೂಡಿನೊಳಗೆ ಹೊಕ್ಕರು. ಉಕ್ವಾನ ಕಾಲು ಸುಡತೊಡಗಿತು. ‘ನಿನ್ನ ಪಾದ ನನ್ನ ಪಾದದ ಮೇಲಿಡು’ ಎಂದಳು ಹೆಂಡತಿ. ಅವಳ ಕಾಲು ಸುಡುತ್ತಿರಲಿಲ್ಲ. ಇವನಿಗೆ ಬೇಸರವಾಯಿತು. ‘ನಾನು ಮನೆಯಲ್ಲಿರುವವಳು,’ ಎಂದಳು ಅವಳು. ‘ಬಂದವರಿಗೆ ತಕ್ಷಣ ತಿನ್ನಲು ಆಗುವುದನ್ನೇ ಕೊಡುತ್ತೇನೆ. ನೀನು ಕೊಡುವ ದುಡ್ಡು ಹಿಡಿದು ಅವರು ಇನ್ನೂ ಅಂಗಡಿಗೆ ಹೋಗಬೇಕು.’ ಇಷ್ಟಕ್ಕೂ ಓಡಿದ್ದು ಯಾಕೆ ಎಂದು ತಾಲ್ಮುದ್ ಕೇಳುತ್ತದೆ. ಇನ್ನೊಬ್ಬನ ಮುಖ ಜನರೆದುರು ನಾಚಿಕೆಯಿಂದ ಬಿಳುಚುವ ಹಾಗೆ ಮಾಡುವುದಕ್ಕಿಂತ ಉರಿಯುವ ಗೂಡಿಗೆ ಬೀಳುವುದು ವಾಸಿ.

ಮೊಮ್ಮಗ ಇದನ್ನು ಗೇರು ಬದಲಿಸುತ್ತಾ, ನಡುವೆ ಒಬ್ಬನಿಗೆ ಹಾರ್ನು ಹೊಡೆಯುತ್ತಾ ಹೇಳಿದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಗಟ್ಟಿಯಾಗಿ ಹೇಳಿ ಎಂದಿದ್ದೆ.

ಶುಕ್ರವಾರ, 10 ಮಾರ್ಚ್

ಬೆಳಿಗ್ಗೆ ಹಳೆಯ ಊರಿನ ಪಶ್ಚಿಮ ಗೋಡೆ. ಗೋಡೆಯ ಮುಂದೆ ನನಗೆ ಪ್ರಾರ್ಥನೆ ಏನೂ ಹೊಳೆಯಲಿಲ್ಲ. ಈ ಗೋಡೆಯ ಆಚೆ ಹಿಂದೆ ಇದ್ದ ಯಹೂದಿಗಳ ದೇವಾಲಯದಲ್ಲಿ ಇತ್ತಂತೆ ಎನ್ನುವ ಒಂದು ಕೋಣೆಯ ಬಗ್ಗೆ ಯೋಚಿಸಿದೆ. ‘ಗುಟ್ಟಿನ ಕೋಣೆ’ ಎಂದೇ ಮಿಶ್ನಾ ಕರೆಯುತ್ತದೆ. ಪಾಪಕ್ಕೆ ಹೆದರುವವರು ಒಳಗೆ ಗುಟ್ಟಾಗಿ ಹಣ ಇಟ್ಟು ಬರುತ್ತಿದ್ದರು, ಬಾಳಿ ಬಡವಾದ ಮನೆತನದವರು ಗುಟ್ಟಾಗಿ ಪಡೆಯುತ್ತಿದ್ದರು.

ಬರುವಾಗ ಕಣಿವೆಯ ಆಚೆ ಮೊಂಟೆಫಿಯೋರಿಯ ಗಾಳಿಗಿರಣಿ ನೋಡಿದೆ. ಬ್ರಿಟನ್ನಿನ ಸಾಹುಕಾರ ಮೋಸೆಸ್ ಮೊಂಟೆಫಿಯೋರಿ, ಇಲ್ಲಿಯವರು ಹಿಟ್ಟು ಬೀಸಿ ದುಡಿಯಲಿ ಎಂದು 1857ರಲ್ಲಿ ಕಟ್ಟಿಸಿದ್ದು. ರಂಬಾಮ್‌ರ ಮೇಲಿನ ಮೆಟ್ಟಿಲು. ಪಕ್ಕದ ಮನೆಗಳ ಸಾಲು 1860ರದ್ದು, ಅಮೆರಿಕದ ಜೂಡಾ ಟೂರೊ ಬಿಟ್ಟುಹೋದ ಉಯಿಲಿನ ಹಣದಿಂದ ಬಡವರಿಗೆಂದು ಕಟ್ಟಿದ್ದು. ಗಿರಣಿ ಹೆಚ್ಚು ಕಾಲ ನಡೆಯಲಿಲ್ಲ. ಈಗ ರಿಪೇರಿಯಾಗಿ ಫೋಟೊಗೆ ಚೆನ್ನಾಗಿದೆ.

ಮೂರು ಗಂಟೆಗೆ ಮತ್ತೆ ಮಹನೆ ಯೆಹುದಾ. ಶಬ್ಬಾತ್ ಹತ್ತಿರವಾಗಿ ಅಂಗಡಿಗಳು ಶಟರ್ ಎಳೆಯುವ ಹೊತ್ತು. ಮಾರದೆ ಉಳಿದ ಟೊಮೆಟೊ, ಸೊಪ್ಪು, ಬಾಡಿದ ಸೌತೆಯನ್ನು ಪೆಟ್ಟಿಗೆ ಸಮೇತ ಹೊರಗಿಟ್ಟು ವ್ಯಾಪಾರಿಗಳು ಹೋಗುತ್ತಿದ್ದರು. ಚೀಲ ಹಿಡಿದ ಮುದುಕರು, ಇಬ್ಬರು ಸೂಡಾನಿನವರ ಹಾಗೆ ಕಂಡ ಯುವಕರು, ಒಬ್ಬ ವಿದ್ಯಾರ್ಥಿನಿ ಬಗ್ಗಿ ಆರಿಸುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನಮ್ಮಲ್ಲಿ ಗದ್ದೆ ಕೊಯ್ದ ಮೇಲೆ ಉದುರಿದ ತೆನೆ ಹೆಕ್ಕುವುದಕ್ಕೆ ಹಕ್ಕಲು ಆಯುವುದು ಎನ್ನುತ್ತೇವಲ್ಲ, ಅದನ್ನೇ ತೋರಾ ಕಾಯ್ದೆ ಮಾಡಿದೆ. ಹೊಲದ ಅಂಚು ಕೊಯ್ಯಬೇಡ, ಉದುರಿದ್ದನ್ನು ಹೆಕ್ಕಬೇಡ, ಮರೆತುಬಿಟ್ಟ ತೆನೆಯ ಕಟ್ಟನ್ನು ತರಲು ಹಿಂದಿರುಗಿ ಹೋಗಬೇಡ. ಬಡವನಿಗೆ, ಪರದೇಶಿಗೆ ಬಿಡು. ಬೈಬಲ್ಲಿನ ಕತೆಯಲ್ಲಿ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಆಯ್ದದ್ದು ಇದೇ.

ಎಷ್ಟು ಬಿಡಬೇಕು? ಅರವತ್ತರಲ್ಲಿ ಒಂದು ಪಾಲಿಗೆ ಕಡಿಮೆಯಾಗಬಾರದು. ಒಟ್ಟಿಗೆ ಎರಡು ತೆನೆ ಬಿದ್ದರೆ ಬಡವರದ್ದು, ಮೂರು ಬಿದ್ದರೆ ಧಣಿಯದ್ದು. ಅಂಚಿನ ಪೈರನ್ನು ಧಣಿ ಕೊಯ್ದು ಹಂಚುವ ಹಾಗೂ ಇಲ್ಲ, ಬಡವರೇ ಬಂದು ಕೀಳಬೇಕು. ಯಾಕೆಂದರೆ ಹಂಚುವ ಕೈ ತನಗೆ ಬೇಕಾದವರ ಕಡೆ ವಾಲುತ್ತದೆ. ಎತ್ತರದ ಖರ್ಜೂರದ ಮರದಂಥವಕ್ಕೆ ಮಾತ್ರ ವಿನಾಯಿತಿ. ಹತ್ತಿ ಬಿದ್ದರೆ? ಅದನ್ನು ಧಣಿಯೇ ಇಳಿಸಿ ಹಂಚಲಿ. ಕುಡುಗೋಲು ತರಬಾರದು, ನೂಕುನುಗ್ಗಲಲ್ಲಿ ಒಬ್ಬರನ್ನೊಬ್ಬರು ಕೊಯ್ದುಕೊಂಡಾರು. ದಿನಕ್ಕೆ ಮೂರು ಹೊತ್ತು ಹೊಲ ತೆರೆದಿಡಬೇಕು. ಬೆಳಿಗ್ಗೆ ಎಳೆಗೂಸಿನ ತಾಯಂದಿರಿಗೆ, ಮಧ್ಯಾಹ್ನ ಮಕ್ಕಳಿಗೆ, ಇಳಿಹೊತ್ತು ತಡವಾಗಿ ತಲುಪುವ ಮುದುಕರಿಗೆ ಅನುಕೂಲ ಎಂದು ವ್ಯಾಖ್ಯಾನಕಾರರು ಕಾರಣ ಕೊಡುತ್ತಾರೆ. ಈ ಕಾಯ್ದೆ ಬರೆದವರು ಹೊಲದ ಬದುವಿನಲ್ಲಿ ಕೂತು ನೋಡಿರಬೇಕು, ಅದೂ ಆಯುವವರ ಕಡೆಯ ಬದುವಿನಲ್ಲಿ.

ಐದು ಗಂಟೆಗೆ, ಶಬ್ಬಾತ್ ಬಂತೆಂದು ಊರಿಗೆಲ್ಲ ಕೇಳುವಂತೆ ಸೈರನ್ ಕೂಗಿತು. ಅಜ್ಜಿ ಗಾಲಿಕುರ್ಚಿಯಿಂದಲೇ ಕೈ ಚಾಚಿ ನೀಲಿ ಡಬ್ಬಿಗೆ ಒಂದು ನಾಣ್ಯ ಹಾಕಿ ಆಮೇಲೆ ಮೇಣದ ದೀಪ ಹಚ್ಚಿದರು. ದೀಪ ಹಚ್ಚಿದ ಮೇಲೆ ದುಡ್ಡು ಮುಟ್ಟುವಂತಿಲ್ಲ.

ಶನಿವಾರ, 11 ಮಾರ್ಚ್

ರೈಲಿಲ್ಲ, ಬಸ್ಸಿಲ್ಲ. ಮಂಗಳೂರಿನ ಹರತಾಳದ ದಿನದ ಮೌನ, ಆದರೆ ಕಲ್ಲು ತೂರುವವರಿಲ್ಲ. ಬಡ್ಡಿಯ ಬಗ್ಗೆ ಉಳಿದಿದ್ದ ಪ್ರಶ್ನೆ ತೆಗೆದೆ. ‘ಇವತ್ತು ವ್ಯಾಪಾರದ ಮಾತು ಬೇಡ,’ ಎಂದರು ಅಜ್ಜಿ, ‘ಬಡವರ ನಿಧಿಯ ಲೆಕ್ಕವಾದರೆ ಮಾತಾಡಬಹುದು, ಅದಕ್ಕೆ ಅಡ್ಡಿಯಿಲ್ಲ.’

ಕೊಡುವುದರಲ್ಲಿ ಸರದಿ ಉಂಟೋ ಎಂದು ಹುಡುಗಿ ಕೇಳಿದಳು. ಉಂಟು. ಮೊದಲು ಮನೆಯವರು, ಆಮೇಲೆ ಊರವರು, ಆಮೇಲೆ ಬೇರೆ ಊರವರು.

‘ಮತ್ತೆ ನಾವು? ನಾನು ಯಾವ ಸಾಲಲ್ಲಿ?’

ಯಹೂದಿಗಳಲ್ಲದ ಬಡವರನ್ನೂ ಯಹೂದಿ ಬಡವರ ಜೊತೆಗೇ ಪೋಷಿಸಬೇಕು ಎಂದು ತಾಲ್ಮುದ್‌ನಲ್ಲಿದೆ, ‘ಶಾಂತಿಯ ದಾರಿಗಾಗಿ’ ಎಂದರು ಅಜ್ಜಿ.

‘ಶಾಂತಿಗಾಗಿಯಾ, ನಮಗಾಗಿಯಾ?’

ಹನ್ನೊಂದು ವರ್ಷ ಒಟ್ಟಿಗೆ ಇದ್ದವರ ನಡುವೆ ಮಾತ್ರ ಕೇಳಬಹುದಾದ ಪ್ರಶ್ನೆ. ಅಜ್ಜಿ ತಕ್ಷಣ ಉತ್ತರಿಸಲಿಲ್ಲ. ಕಪ್ಪಿನ ಚಹಾ ಅರ್ಧ ಮುಗಿಸಿದರು. ‘ನಿನಗೆ ಕೊಡುವುದು ತ್ಸೆದಾಕಾ ಅಲ್ಲ, ಕೂಲಿ,’ ಎಂದರು. ‘ಅದಕ್ಕೆ ಬೇರೆ ವಾಕ್ಯ ಇದೆ. ನಿನ್ನವನಿರಲಿ, ಪರದೇಶಿಯಿರಲಿ, ಆ ದಿನದ ಕೂಲಿ ಸೂರ್ಯ ಮುಳುಗುವ ಮೊದಲು ಕೊಡು. ಅವನ ಜೀವ ಅದರ ಮೇಲಿದೆ.’

ಹುಡುಗಿ ಕನ್ನಡದಲ್ಲಿ ನನಗೆ ಹೇಳಿದಳು: ‘ಅದು ಮಾತ್ರ ಹೌದು ಮೇಡಂ. ಒಂದು ತಿಂಗಳೂ ತಡ ಆಗಲಿಲ್ಲ.’

ಕತ್ತಲಾದ ಮೇಲೆ ರೈಲು ಶುರುವಾಯಿತು, ಬಾವುಟ ಹಿಡಿದ ಜನ ಸರ್ಕಾರದ ವಿರುದ್ಧದ ಪ್ರತಿಭಟನೆಗೆ ಹೊರಟಿದ್ದರು.

ಭಾನುವಾರ, 12 ಮಾರ್ಚ್

ಬಿಸಿಲು ಬಿದ್ದಿತ್ತು. ಕೋಟು ಒಯ್ದು ಕೊಟ್ಟೆ. ಏನಾದರೂ ಕೊಡುತ್ತೇನೆ ಎಂದರೆ ಆಕೆ ಒಪ್ಪಲಿಲ್ಲ. ನೋಟುಪುಸ್ತಕ ತೆಗೆದು ನನ್ನ ಹೆಸರಿನ ಮೇಲೆ ಗೆರೆ ಎಳೆದರು. ನನ್ನ ಹೆಸರಿನ ಮೇಲೆ ಸಾಲ ತೀರಿದ ಗೆರೆ ಬಿದ್ದದ್ದು ಇದೇ ಮೊದಲು. ಎಷ್ಟೋ ಜನರಿಗೆ ಎಳೆದುಕೊಟ್ಟಿದ್ದೆ. ಹಗುರಾಗುತ್ತದೆ ಎಂದು ಅವರು ಯಾರೂ ಹೇಳಿರಲಿಲ್ಲ, ಅಥವಾ ನಾನು ಕೇಳಿರಲಿಲ್ಲ.

ಹೊರಡುವಾಗ ಅಜ್ಜಿ ನನ್ನ ಅಂಗೈಯಲ್ಲಿ ಹತ್ತು ಶೆಕೆಲ್‌ನ ನಾಣ್ಯ ಇಟ್ಟು ಬೆರಳು ಮಡಚಿದರು. ದೂರ ಪ್ರಯಾಣ ಹೊರಟವರ ಕೈಗೆ ಹೀಗೆ ದುಡ್ಡು ಕೊಡುವುದು ಇಲ್ಲಿಯ ವಾಡಿಕೆ. ತಲುಪಿದ ಊರಿನಲ್ಲಿ ಯಾರಾದರೂ ಬಡವರಿಗೆ ಕೊಡಬೇಕು. ಒಳ್ಳೆಯ ಕೆಲಸಕ್ಕೆ ಹೊರಟ ದೂತನಿಗೆ ದಾರಿಯಲ್ಲಿ ಕೇಡಾಗದು ಎಂಬ ನಂಬಿಕೆ. ‘ಪೆಟ್ಟಿಗೆ ಕಳೆದರೂ ನೀವು ತಲುಪುತ್ತೀರಿ’ ಎಂದರು.

ವಿಮಾನ ನಿಲ್ದಾಣದ ಭದ್ರತಾ ಸಾಲಿನಲ್ಲಿ ಕೂದಲು ಬಿಗಿಯಾಗಿ ಕಟ್ಟಿದ ಹುಡುಗಿ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇದ್ದೀತು. ನಗುವಿಲ್ಲದೆ ಒಂದರ ಹಿಂದೊಂದು ಪ್ರಶ್ನೆ. ಎಲ್ಲಿ ಇದ್ದಿರಿ? ಯಾರ ಮನೆ? ಪೆಟ್ಟಿಗೆ ನೀವೇ ಕಟ್ಟಿದಿರಾ? ಹಿಡಿ ಯಾಕೆ ಮುರಿದಿದೆ?

‘ಯಾರಾದರೂ ನಿಮ್ಮ ಕೈಗೆ ಏನಾದರೂ ಕೊಟ್ಟಿದ್ದಾರಾ, ಒಯ್ಯಲು?’

ಸುಳ್ಳು ಹೇಳುವ ಹಾಗಿಲ್ಲ. ಹೌದು, ಎಂದೆ. ಅವಳ ಪೆನ್ನು ನಿಂತಿತು. ಪರ್ಸಿನಿಂದ ನಾಣ್ಯ ತೆಗೆದು ಕೌಂಟರಿನ ಮೇಲಿಟ್ಟೆ.

‘ಇದನ್ನು ಯಾರಿಗೆ ಕೊಡಬೇಕು?’

‘ಗೊತ್ತಿಲ್ಲ. ಮಂಗಳೂರು ತಲುಪಿದ ಮೇಲೆ ನೋಡಬೇಕು.’

ನಾಣ್ಯವನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ. ಪಾಸ್‌ಪೋರ್ಟಿನ ಹಿಂದೆ ಸ್ಟಿಕ್ಕರು ಅಂಟಿಸಿ, ಎರಡನ್ನೂ ನನ್ನ ಕಡೆ ತಳ್ಳಿ, ಮುಂದಿನವರನ್ನು ಕರೆದಳು.